ಗೋಡೆಯಣ್ಣ

ಬೀದಿ ಗ್ಯಾಂಗುಗಳ ಕಥೆಯ ಆ ಸಣ್ಣ ಸಿನಿಮಾಕ್ಕೆ ನಿರ್ದೇಶಕರು ನಟರನ್ನು ಹುಡುಕದೆ, ನಿಜವಾಗಿ ಹೊಡೆದಾಡಿ ಬಂದ ಹುಡುಗರನ್ನೇ ಕರೆತಂದಿದ್ದರು. ಅವರಲ್ಲಿ ಗೋಡೆಯಣ್ಣನದೇ ದರ್ಬಾರು. ಮೀಸೆ ಇನ್ನೂ ಬಲಿತಿರಲಿಲ್ಲ, ಆದರೂ ದೊಡ್ಡವರೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದರು. ಬೆನ್ನಿಗೊಂದು ಗೋಡೆ ಸಿಗದೆ ಅವನು ಚಹಾ ಕೂಡ ಕುಡಿಯುವವನಲ್ಲ. ಮೇಕಪ್ಪಿಗೆ ಮುಖ ಕೊಟ್ಟಾಗಲೂ ಕಣ್ಣು ಬಾಗಿಲ ಮೇಲೆಯೇ. "ಚಾಕು ಹಿಡಿಯೋದು ಹಾಗಲ್ಲಪ್ಪಾ, ಅದೇನು ಸೌಟಾ?" ಎಂದು ಗದರಿದರೆ ಸಾಹಸ ನಿರ್ದೇಶಕರೂ ಹಿಡಿತ ಬದಲಿಸಿಕೊಳ್ಳುತ್ತಿದ್ದರು. ಹಿಂದಿನಿಂದ ಯಾರಾದರೂ ಕೆಮ್ಮಿದರೆ ಸಾಕು, ಗಿರ್ರನೆ ತಿರುಗುವ ಅವನ ಮುಷ್ಟಿಗೆ ಎರಡು ಮೈಕು ಬಲಿಯಾಗಿದ್ದವು. ಅಂಥವನು ನಡುಬೀದಿಯಲ್ಲಿ ಹೆಣವಾಗಿ ಮಲಗುವ ದೃಶ್ಯ ಬಂತು. ಕೊಲೆಗಾರನ ಪಾತ್ರ ಹಳೆಯ ಎದುರಾಳಿ ಗ್ಯಾಂಗಿನವನದು. ಅವನ ಕೈಯಲ್ಲಿದ್ದದ್ದು ಮರದ ಚಾಕು, ಆದರೂ ಅವನು ಹತ್ತಿರ ಬಂದಾಗಲೆಲ್ಲ ಗೋಡೆಯಣ್ಣನ ರೆಪ್ಪೆ ತೆರೆದುಕೊಳ್ಳುತ್ತಿತ್ತು. "ಹೆಣ ಕಣ್ಣು ಬಿಡ್ತಿದೆ!" ಎಂದು ನಿರ್ದೇಶಕರು ಮತ್ತೆ ಮತ್ತೆ ಕೂಗಿದರು. ಯಾರೂ ನಗಲಿಲ್ಲ. ಕೊನೆಗೆ ಗೋಡೆಯಣ್ಣ, ತಾಯಿಯ ಪಾತ್ರಕ್ಕೆ ಬಂದಿದ್ದ ಮುದುಕಿಯ ಕಡೆ ಹೊರಳಿ, "ಅಮ್ಮಾ, ನಾನು ಕಣ್ಣು ಮುಚ್ಚಿದ್ರೆ ನೀವು ಅವನನ್ನ ನೋಡ್ತಾ ಇರ್ತೀರಾ?" ಎಂದು ಮೆಲ್ಲನೆ ಕೇಳಿದ. "ನೋಡ್ತೀನಪ್ಪಾ, ನೀನು ಮಲಗು," ಎಂದು ಆಕೆ ಅವನ ತಲೆಯನ್ನು ತೊಡೆಗೆಳೆದುಕೊಂಡಳು. ಕ್ಯಾಮೆರಾ ಓಡಿತು, ಈ ಸಲ ರೆಪ್ಪೆ ಅಲುಗಲಿಲ್ಲ. "ಕಟ್" ಎಂದ ಮೇಲೂ ಅವನು ಏಳಲಿಲ್ಲ. ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲು ಬಂದ ಸಹಾಯಕನನ್ನು ಕೊಲೆಗಾರನ ಪಾತ್ರದವನೇ ಅಡ್ಡಗಟ್ಟಿದ. "ಬಿಡಿ, ಮಲಗ್ಲಿ. ನಮ್ಮಂಥವರಿಗೆ ಹೀಗೆ ನಿದ್ದೆ ಬಂದು ವರ್ಷಗಳೇ ಆಯ್ತು."