ಕಮ್ಮಿ ತೋರಿಸುವ ಮೀಟರ್

ಮೊನ್ನೆ ಹೊಸೂರಿನ ನಮ್ಮ ಕರೆಂಟ್ ಪ್ಯಾನೆಲ್ ಮಾಡುವ ಶೆಡ್ಡಿನಲ್ಲಿ ವೈರು ಸುಟ್ಟ ವಾಸನೆ ಬಂತು. ಯಾರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ ಕೆಲಮಂಗಲ ರಸ್ತೆಯ ಗ್ರಾನೈಟ್ ಯಜಮಾನರು ನೆನಪಾಗಿ, ಇಷ್ಟು ವರ್ಷದ ಮೇಲೂ ತಲೆ ಬಿಸಿಯಾಯಿತು.

ಎರಡು ಸಾವಿರದ ಐದೋ ಆರೋ ಇರಬೇಕು... ಅವರ ಫ್ಯಾಕ್ಟರಿಗೆ ಪ್ಯಾನೆಲ್ ಮಾಡಿಕೊಟ್ಟವನು ನಾನು. ಅದರೊಳಗಿನ ಸಿ.ಟಿ., ಅಂದರೆ ದೊಡ್ಡ ಕರೆಂಟನ್ನು ಚಿಕ್ಕದು ಮಾಡಿ ಮೀಟರಿಗೆ ಕಳಿಸುವ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲೇ ಇದ್ದ ಮೀಟರನ್ನು ನಡೆಸುವಷ್ಟೇ ಶಕ್ತಿಯದು. ಅಷ್ಟೇ ಬರ್ಡನ್ನಿಗೆ, ಅಂದರೆ ಅಷ್ಟೇ ಹೊರೆಗೆ, ನಾನು ಆರಿಸಿದ್ದು. ಯಜಮಾನರು ಒಂದು ದಿನ ಆ ಮೀಟರನ್ನು ಕಿತ್ತು, ಅಂಗಳದಾಚೆಯ ಆಫೀಸಿನಲ್ಲಿ, ದೇವರ ಪಟದ ಪಕ್ಕ ಕೂರಿಸಿಬಿಟ್ಟರು. ಕೂತಲ್ಲೇ ಕಾಣಬೇಕಂತೆ! ಅಲ್ಲಿಯತನಕ ಎಳೆಸಿದ್ದು ಮನೆಯ ಬಲ್ಬಿಗೆ ಹಾಕುವ ಸಣ್ಣ ವೈರು.

"ಅಷ್ಟುದ್ದ ವೈರೂ ಸಿ.ಟಿ.ಗೆ ಹೊರೆನೇ ಯಜಮಾನ್ರೇ. ಅದಕ್ಕೆ ತಳ್ಳಕ್ಕಾಗದೆ ಮೀಟರು ಕರೆಂಟು ಕಮ್ಮಿ ತೋರಿಸುತ್ತೆ. ಹೆಚ್ಚು ಹೊರೆ ತಡೆಯೋ ಸಿ.ಟಿ. ಹಾಕೋಣ," ಎಂದೆ.

"ವೈರೇನ್ ಮುದ್ದೆ ತಿಂತದಾ? ಸುಮ್ಕಿರಪ್ಪ," ಎಂದರು.

ಮೀಟರಿನ ಮುಳ್ಳು ಕೆಳಗಿಳಿಯಿತು. ಅವರಿಗೆ ಖುಷಿಯೋ ಖುಷಿ. ಮೀಟರಿಗೆ ಕುಂಕುಮವಿಟ್ಟು, ಕೇಬಲ್ಲಲ್ಲಿ ಇನ್ನೂ ಜಾಗ ಐತೆ ಎಂದು ಹೊಸ ಪಾಲಿಷ್ ಮಿಷಿನ್ ಜೋಡಿಸಿದರು. ಕೇಬಲ್ಲಿಗೆ ಕ್ಲಾಂಪ್ ಮೀಟರ್ ಹಿಡಿದು ನಿಜವಾದ ಕರೆಂಟು ತೋರಿಸಿದರೆ, "ನಿನ್ನ ಇಕ್ಕಳ ಸರಿ ಇಲ್ಲ" ಅಂದರು. ಇಂಥವರ ಹತ್ತಿರ ಹೇಗೆ ಏಗುವುದು? ಕೊನೆಗೆ ಕೇಬಲ್ಲೇ ಸುಟ್ಟಿತು. ಆಮೇಲಷ್ಟೇ ಸಿ.ಟಿ. ಬದಲಾಯಿಸಲು ಬಿಟ್ಟರು. ಮುಳ್ಳು ಸರಿಯಾದ ಜಾಗಕ್ಕೆ ಏರಿದ ದಿನ ಮುಖ ಊದಿಸಿಕೊಂಡು ಮೀಟರಿನ ಮೇಲೆ ಟವೆಲ್ ಹೊದಿಸಿದರು. ನಾನು ತಲೆ ಚಚ್ಚಿಕೊಂಡೆ.

ಆದರೂ ಒಂದು ದಿನವೂ ಊಟ ಹಾಕಿಸದೆ ಕಳಿಸಿದವರಲ್ಲ...

ಕಡೆಯ ಸಲ ಹೋದಾಗ ಅದೇ ದೇವರ ಪಟದ ಪಕ್ಕ ಬಿಪಿ ನೋಡುವ ಮಿಷಿನ್ ಇತ್ತು. ಆಸ್ಪತ್ರೆಯದು ಜಾಸ್ತಿ ತೋರಿಸಿತ್ತಂತೆ, ಇದು ಕಮ್ಮಿ ತೋರಿಸಿತಂತೆ. ಮಾತ್ರೆ ಬಿಟ್ಟೇಬಿಟ್ಟಿದ್ದರು.

"ಅವರ ಮಿಷಿನ್ ಸರಿ ಇಲ್ಲ ಕಣಪ್ಪ. ಇದು ಒಳ್ಳೇದು."

ಬೈದೆ, ಬೇಡಿಕೊಂಡೆ, ಮಾತ್ರೆ ತಂದು ಕೈಗಿಟ್ಟೆ. ಮತ್ತೆ ಅದೇ "ಸುಮ್ಕಿರಪ್ಪ". ಆ ವರ್ಷ ಯುಗಾದಿಗೆ ಮುಂಚೆ, ಅದೇ ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ಇವತ್ತಿಗೂ ಸಿ.ಟಿ. ಆರಿಸುವ ಮುಂಚೆ, ಮೀಟರ್ ಎಲ್ಲಿ ಕೂರುತ್ತದೆ ಎಂದು ಗಿರಾಕಿಯನ್ನು ಕೇಳುತ್ತೇನೆ. ಕೇಳುವಾಗೆಲ್ಲ ಅವರ ಮೇಲೆ ಸಿಟ್ಟು ಬರುತ್ತದೆ. ಸುಟ್ಟ ಕೇಬಲ್ಲನ್ನು ಬದಲಾಯಿಸಿ ಕೊಟ್ಟೆ. ನಿಮ್ಮನ್ನು ಎಲ್ಲಿಂದ ತರಲಿ ಯಜಮಾನ್ರೇ?