ಗೋಣಿ ಸಮೇತ ತೂಗಿದ ಲ್ಯಾಪ್‌ಟಾಪ್

ನಾನು ಕಟ್ಟೆಮಳಲವಾಡಿಯ ಪುಟ್ಟತಾಯಮ್ಮ. ಎಸ್ಸೆಸ್ಸೆಲ್ಸಿ, ಒಂದೇ ಸಲಕ್ಕೆ ಪಾಸು. ನಮ್ಮ ಮನೆಗೆ ಟ್ರ್ಯಾಕ್ಟರಿನಿಂದ ಹಿಡಿದು ಸೊಸೆಯವರೆಗೆ ನಾನು ನೋಡಿ ಒಪ್ಪದೆ ಯಾವುದೂ ಬಂದಿಲ್ಲ.

ಆದ್ದರಿಂದ ಲ್ಯಾಪ್‌ಟಾಪಿನ ವಿಷಯವೂ ನನ್ನ ಹತ್ತಿರಕ್ಕೇ ಬಂತು.

ಸೊಸೆ ರಮ್ಯ ಬಿ.ಕಾಂ. ಓದಿದವಳು. ಹುಣಸೂರು, ಪಿರಿಯಾಪಟ್ಟಣದ ಕಡೆ ಊರೂರಿನ ಹಾಲಿನ ಡೈರಿಗಳಿಗೆ ಹೋಗಿ ಲೆಕ್ಕಪತ್ರ ಸರಿಮಾಡಿ ಕೊಡುತ್ತಾಳೆ. ಹೆರಿಗೆಗೆಂದು ನಿಲ್ಲಿಸಿದ್ದ ಕೆಲಸಕ್ಕೆ ಮೊನ್ನೆ ಮತ್ತೆ ಹೊರಟಳು.

ಸಿಸೇರಿಯನ್ ಆದ ಮೇಲೆ ಅವಳ ಸೊಂಟ ಮೊದಲಿನಂತಿಲ್ಲ. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಹಳೆಯ ಲ್ಯಾಪ್‌ಟಾಪಿನ ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಸ್ಸಿನಲ್ಲಿ ನಿಂತು ಹೋಗಿಬಂದ ಮೊದಲನೆಯ ದಿನವೇ, ಸಂಜೆ ಗೋಡೆ ಹಿಡಿದುಕೊಂಡು ಒಳಗೆ ಬಂದಳು.

"ನನ್ ಕೈಲಾಗಲ್ಲ ಅತ್ತೆ. ಕೆಲ್ಸ ಬಿಟ್ಬಿಡ್ತೀನಿ" ಎಂದಳು.

"ಬ್ಯಾಗ್ ಬುಡು ಕಣವ್ವ, ಕೆಲ್ಸ ಬುಡ್ಬ್ಯಾಡ" ಎಂದೆ.

ಹಾಗೆ ಹೇಳುವುದು ಸುಲಭ... ಡೈರಿಯವರು ಎಷ್ಟು ದಿನ ಕಾಯುತ್ತಾರೆ? ಬರುತ್ತೀರೋ ಇಲ್ಲವೋ ಹೇಳಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಫೋನ್ ಮಾಡಲು ಶುರುಮಾಡಿದ್ದರು. ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವ ಕೆಲಸವಲ್ಲ ಅದು.

ಮಗ ಫೋನಿನಲ್ಲಿ ತೆಳ್ಳನೆಯದೊಂದು ಲ್ಯಾಪ್‌ಟಾಪ್ ತೋರಿಸಿ, "ಇದ್ನ ಆನ್‌ಲೈನಲ್ಲಿ ತರ್ಸಣ ಕಣವ್ವ, ಹೂ ಇದ್ದಂಗೈತೆ" ಎಂದ.

ಕೈಯಲ್ಲಿ ಎತ್ತಿ ನೋಡದೆ ನಾನು ತೆಂಗಿನಕಾಯಿಯನ್ನೂ ಕೊಂಡವಳಲ್ಲ. ಮಗುವನ್ನು ಅವನ ಕೈಗೆ ಕೊಟ್ಟು, ಹಳೆಯ ಲ್ಯಾಪ್‌ಟಾಪಿನ ಬ್ಯಾಗನ್ನು ನಾನೇ ಹೊತ್ತು, ರಮ್ಯಳನ್ನು ಕರೆದುಕೊಂಡು ಹುಣಸೂರಿಗೆ ಹೋದೆ.

ಲ್ಯಾಪ್‌ಟಾಪ್ ಅಂಗಡಿಯವರು ಮೊದಲು ಮಗ ತೋರಿಸಿದ್ದನ್ನೇ ತೆಗೆದಿಟ್ಟರು. ನಿಜಕ್ಕೂ ಹಪ್ಪಳದ ಹಾಗಿತ್ತು. ರಮ್ಯ ಒಂದೇ ಕೈಯಲ್ಲಿ ಎತ್ತಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿದ್ದನ್ನು ನೋಡಿದೆ.

ಆದರೆ ನಾನು ಕೇಳುವುದನ್ನು ಕೇಳಿಯೇ ಕೇಳುವವಳು.

"ಡೈರಿಯೋರು ಪೆನ್‌ಡ್ರೈವ್ ಕೊಡ್ತಾರೆ. ಇದ್ರಲ್ಲಿ ಎಲ್ಲಿಗೆ ಚುಚ್ಚೋದು?"

"ಅದಕ್ಕೆ ಹಬ್ ಅಂತ ಬರುತ್ತಮ್ಮ, ಬೇರೆ ತಗೋಬೇಕು."

"ಪ್ರಿಂಟರ್ ವೈರು?"

"ಅದೂ ಹಬ್‌ಗೇ."

"ಚಾರ್ಜು ಸಂಜೆಗಂಟ ಬತ್ತದಾ? ಅಳ್ಳಿ ಕಡೆ ಕರೆಂಟ್ ನೆಚ್ಚಂಗಿಲ್ಲ."

"ಮಧ್ಯಾಹ್ನದ ತನಕ ಮೋಸ ಇಲ್ಲ. ತೆಳ್ಳಗಿದೆಯಲ್ಲ, ಬ್ಯಾಟ್ರಿ ಸಣ್ಣದು. ಚಾರ್ಜರ್ ಜೊತೇಲಿ ಇಟ್ಕೊಂಡ್ರೆ ಆಯ್ತು."

"ಕೆಟ್ರೆ ಇಲ್ಲೇ ಬಿಚ್ತೀರಾ?"

ಅವರು ತಲೆ ಕೆರೆದುಕೊಂಡರು. ಮೈಸೂರಿಗೆ ಕಳಿಸಬೇಕಂತೆ. ಮೆಮೊರಿಯನ್ನು ಆಮೇಲೆ ಹೆಚ್ಚಿಸಲೂ ಆಗುವುದಿಲ್ಲವಂತೆ.

ಪಕ್ಕದಲ್ಲಿ ಇನ್ನೊಂದಿತ್ತು. ಅಷ್ಟು ತೆಳುವಲ್ಲ. ಪೆನ್‌ಡ್ರೈವಿಗೆ, ಪ್ರಿಂಟರಿಗೆ ಜಾಗ ಅದರಲ್ಲೇ ಇದೆ. ಬ್ಯಾಟರಿ ಸಂಜೆಯವರೆಗೆ ಬರುತ್ತದೆ, ತಳದ ಸ್ಕ್ರೂ ಬಿಚ್ಚಿದರೆ ಇಲ್ಲೇ ರಿಪೇರಿ.

ರಮ್ಯ ಅದನ್ನು ಎತ್ತಿದಳು. ಹಾಗೇ ಕೆಳಗಿಟ್ಟಳು. ಇದು ಕೈಗೆ ಭಾರ.

ಕೆಲಸಕ್ಕೆ ಇದು ಸರಿ, ಸೊಂಟಕ್ಕೆ ಅದು ಸರಿ. ಯಾವುದನ್ನು ಬಿಡುವುದು?

ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಮಾರ್ಕೆಟ್ಟಿನಲ್ಲಿ ಸೊಪ್ಪಿನ ಮೂಟೆ, ಅಂದರೆ ಬೇಲು, ತೂಗುವಾಗ ಸುತ್ತಿದ ಗೋಣಿಯ ತೂಕ ಕಳೆದು ಲೆಕ್ಕ ಹಾಕುತ್ತಾರೆ. ಬೇಲು ಹೊರುವವನ ಬೆನ್ನಿಗೆ ಮಾತ್ರ ಏನನ್ನೂ ಕಳೆಯುವವರಿಲ್ಲ, ಅವನು ಗೋಣಿ ಸಮೇತ ಹೊರಬೇಕು.

ಈ ಲ್ಯಾಪ್‌ಟಾಪಿನ ಡಬ್ಬದ ಮೇಲೆ ಬರೆದಿರುವುದೂ ಗೋಣಿ ಕಳೆದ ತೂಕವೇ ಅಲ್ಲವೇ?

"ಇಲ್ಲಿ ತಕ್ಕಡಿ ಐತಾ?" ಎಂದೆ.

"ಅಮ್ಮಾ, ಇದು ಲ್ಯಾಪ್‌ಟಾಪ್ ಅಂಗಡಿ!"

"ಪಕ್ಕದಲ್ಲಿ ದಿನ್ಸಿ ಅಂಗ್ಡಿ ಐತಲ್ಲ, ಬನ್ನಿ."

ಅವರು ಎರಡನ್ನೂ ಬಾಣಂತಿ ಮಗುವನ್ನು ಅಪ್ಪಿಕೊಂಡಂತೆ ಎದೆಗೆ ಅವಚಿಕೊಂಡು ಹಿಂದೆ ಬಂದರು. ರಮ್ಯ ನಾಚಿಕೆಯಿಂದ ಸೆರಗು ಬಾಯಿಗಿಟ್ಟುಕೊಂಡಳು. ನಾಚಿಕೆ ಏಕೆ? ತೂಗಿ ಕೊಳ್ಳುವುದು ತಪ್ಪೇ?

"ಏನ್ ಅಮ್ಮೋರೆ, ಇದುನ್ನೂ ಕೆಜಿ ಲೆಕ್ಕದಲ್ಲಿ ತಕತೀರಾ?" ಎಂದು ದಿನಸಿ ಅಂಗಡಿಯವನು ನಕ್ಕ.

"ಊಂ ಕಣಪ್ಪ. ಮೊದ್ಲು ತಟ್ಟೆ ಮೇಲಿನ ಬೆಲ್ಲದ ಪುಡಿ ಒರುಸು."

ತೆಳ್ಳನೆಯದನ್ನು ಇಡಿಸಿದೆ. ಜೊತೆಗೆ ಚಾರ್ಜರ್, ಹಬ್ಬು, ಅದರ ವೈರು. ಅವಿಲ್ಲದೆ ಅದು ಮನೆ ಬಿಟ್ಟು ಹೊರಡುವಂತಿಲ್ಲ ತಾನೇ?

ಆಮೇಲೆ ಇನ್ನೊಂದನ್ನು ಇಡಿಸಿದೆ. ಅದೊಂದನ್ನೇ. ಅದರ ಚಾರ್ಜರನ್ನು ಮನೆಯಲ್ಲೇ ಬಿಟ್ಟು ಹೋಗಬಹುದು.

ಭಾರವೆಂದು ರಮ್ಯ ಕೆಳಗಿಟ್ಟಿದ್ದೇ ಒಂದು ನಿಂಬೆಹಣ್ಣಿನಷ್ಟು ಕಡಿಮೆ ತೂಗಿತು!

ಲ್ಯಾಪ್‌ಟಾಪ್ ಅಂಗಡಿಯವರು ಬಗ್ಗಿ ಬಗ್ಗಿ ತಕ್ಕಡಿ ನೋಡಿದರು. ಇರಲಿ ಎಂದು ಹಳೆಯ ಲ್ಯಾಪ್‌ಟಾಪನ್ನೂ ಬ್ಯಾಗಿನ ಸಮೇತ ಇಟ್ಟೆ. ಹೊಸ ಎರಡನ್ನೂ ಸೇರಿಸಿದರೂ ಹಳೆಯದೇ ಮುಂದು. ಇದನ್ನು ಹೊತ್ತು ಓಡಾಡಿದವಳು ಒಂದೇ ದಿನಕ್ಕೆ ಗೋಡೆ ಹಿಡಿದದ್ದರಲ್ಲಿ ಏನು ಆಶ್ಚರ್ಯ?

ನೋಡಲು ತೆಳ್ಳನೆಯದೇ ಚೆಂದ, ಸುಳ್ಳು ಹೇಳುವುದಿಲ್ಲ. ಅದರ ಸ್ಕ್ರೀನೂ ಹೆಚ್ಚು ಬೆಳಕು. ಮೇಜಿನಿಂದ ಮೇಜಿಗೆ ಹೋಗುವವರಿಗೆ ಅದೇ ಸರಿ ಇರಬಹುದು.

ನಾನು ತೀರ್ಪು ಹೇಳುವ ಮೊದಲೇ ರಮ್ಯ ಬ್ಯಾಗಿನಿಂದ ಹಳೆಯದನ್ನು ತೆಗೆದಿಟ್ಟು, ಎರಡನೆಯದನ್ನು ಹಾಕಿ ಹೆಗಲಿಗೇರಿಸಿದಳು. ರಸ್ತೆಯ ತಿರುವಿನವರೆಗೆ ನಡೆದು ವಾಪಸು ಬಂದಳು. ಅಂಗಡಿಯವರಿಗೆ ಉಸಿರೇ ನಿಂತಿತ್ತು.

"ಅತ್ತೆ, ಸೊಂಟ ಏನೂ ಅನ್ಲಿಲ್ಲ."

"ಸೊಂಟದ ಮಾತಿರ್ಲಿ, ನೀನೇನಂತೀಯ?"

"ಸೋಮವಾರದಿಂದ ಹೋಗ್ತೀನಿ ಅತ್ತೆ."

ಅಷ್ಟು ಸಾಕಿತ್ತು ನನಗೆ. ಅದನ್ನೇ ಕೊಂಡೆ.

ಇವತ್ತು ಸೋಮವಾರ. ಬಸ್‌ಸ್ಟಾಪಿನವರೆಗೆ ಬ್ಯಾಗು ನಾನು ತರುತ್ತೇನೆ ಎಂದೆ, ಅವಳು ಕೊಡಲಿಲ್ಲ. ಪಿರಿಯಾಪಟ್ಟಣದ ಕಡೆಯ ಎರಡು ಡೈರಿಗೆ ಹೋಗಿದ್ದಾಳೆ. ಈಗಷ್ಟೇ ಫೋನ್ ಮಾಡಿ ಮಗು ಹಾಲು ಕುಡಿಯಿತೇ ಎಂದು ಕೇಳಿದಳು. ದನಿಯಲ್ಲಿ ನೋವಿರಲಿಲ್ಲ.

ಹಳೆಯದನ್ನು ಮಾರಿಬಿಡೋಣ ಎಂದು ಮಗ ಹೊರಟಿದ್ದ. ನಾನು ಬಿಡಲಿಲ್ಲ, ಹಜಾರದ ಮೇಜಿನ ಮೇಲೆ ಇಡಿಸಿದ್ದೇನೆ. ಮೊಮ್ಮಗಳು ನನ್ನ ತೊಡೆಯ ಮೇಲೆ ಕುಳಿತು ಎರಡೂ ಕೈಯಲ್ಲಿ ಅದನ್ನು ಬಡಿಯುತ್ತಿದ್ದಾಳೆ, ಅದು ಜಪ್ಪಯ್ಯ ಅಂದರೂ ಕದಲುತ್ತಿಲ್ಲ.

ಇಷ್ಟನ್ನೂ ಅದರಲ್ಲೇ ಟೈಪ್ ಮಾಡಿದ್ದೇನೆ. ಇನ್ನು ಮೇಲೆ ಅದು ನನ್ನದು.