ತುಂಬಿದ ಕೊಡಗಳು

ಶಹಾಬಾದಿನ ಹೊರಗೆ, ಹಳ್ಳದ ದಂಡೆಗೆ, ನೆಲಕ್ಕೆ ಹಾಸುವ ಪರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದು ನನ್ನ ತಮ್ಮನದಿದೆ. ನನ್ನನ್ನು ಕೊಟ್ಟಿರುವುದು ಅದೇ ಹಳ್ಳದ ಕೆಳಗಿನ ಊರಿಗೆ. ಕಲ್ಲು ಉಜ್ಜಿದ ಬಿಳಿ ರಾಡಿಯಿಂದ ಹೊಂಡ ತುಂಬಿದರೆ, ಮೋಡ ಕವಿದ ದಿನ ನೋಡಿ ಹಳ್ಳಕ್ಕೆ ಬಿಡುವುದು ಅವನ ಪದ್ಧತಿ. ಮಳೆ ಬಂದು ತೊಳೆದುಕೊಂಡು ಹೋಗುತ್ತದೆ ಎಂಬ ಲೆಕ್ಕ. ಈ ಸಲ ಮೋಡ ಬಂತು, ಮಳೆ ಬರಲಿಲ್ಲ. ಪಾಲಿಶಿನ ಆಸಿಡ್ ಬೆರೆತ ಆ ನೀರು ಕುಡಿದು ನಮ್ಮ ಪಕ್ಕದ ಮನೆಯವಳ ಹಯನದ ಎಮ್ಮೆ ಸತ್ತಿತು. ತಮ್ಮನ ಮೇಲೆ ಕೇಸಾಯಿತು. ಅವನ ಪರ ಸಾಕ್ಷಿ ನಾನೇ.

ಚಿತ್ತಾಪುರ ಕೋರ್ಟಿನ ಬೇವಿನ ಮರದ ಕೆಳಗೆ ನಮ್ಮ ವಕೀಲರು ನನಗೆ ಪಾಠ ಹೇಳಿದರು.

"ಗೊತ್ತಿದ್ದು ಬಿಟ್ಟಾನಂದ್ರ ಜೇಲ ಆಗ್ತದ. ಬೇಪರ್ವಾಯಿಂದ ಆಗ್ಯದಂದ್ರ ಸಣ್ಣದ್ರಾಗ ಮುಗೀತದ. ಹೊಂಡದ ಒಡ್ಡು ತಾನೇ ಒಡೀತು, ಅಂವ ನೋಡಲಿಲ್ಲ ಅನ್ರಿ. ಮುಂದ ಬಾಯಿ ಬಿಡಬ್ಯಾಡ್ರಿ."

ಸಾಕ್ಷಿ ಕಟಕಟೆ ಹತ್ತಿ ಅಷ್ಟೇ ಹೇಳಿದೆ. ಆಗ ಸರ್ಕಾರಿ ವಕೀಲರು ಎದ್ದು ನಕ್ಕರು.

"ಅಂದ್ರ ನಿಮ್ಮ ತಮ್ಮ ಭಾಳ ಬೇಪರ್ವಾ ಮನುಷ್ಯ ಅನ್ರಿ. ಯಾರ ಕಾಳಜೀನೂ ಇಲ್ಲ."

ನನ್ನ ಪಿತ್ತ ನೆತ್ತಿಗೇರಿತು. ತವರಿನ ಮಾತು ಬಂದರೆ ನನಗೆ ಹಿಂದೆ ಮುಂದೆ ಕಾಣುವುದಿಲ್ಲ.

"ಯಾರ್ ಹೇಳ್ಯಾರ್ರಿ ಬೇಪರ್ವಾ ಅಂತ? ರಾಡಿ ಬಿಡೂ ಮೊದ್ಲ ತಪ್ಪದಂಗ ನನಗ ಫೋನ್ ಮಾಡ್ತಾನ. 'ಅಕ್ಕಾ, ಕೊಡ ತುಂಬಿಟ್ಕೋ, ನಾಳಿಂದ ಹಳ್ಳದ ಬಾವಿ ನೀರು ಮುಟ್ಟಬ್ಯಾಡ' ಅಂತಾನ. ಅಂಥಾ ತಮ್ಮ ಯಾರಿಗದಾನ್ರಿ?"

ನಮ್ಮ ವಕೀಲರು ತಲೆ ತಗ್ಗಿಸಿದರು. ನ್ಯಾಯಾಧೀಶರು ನನ್ನ ಮಾತನ್ನು ನಿಧಾನವಾಗಿ ಟೈಪ್ ಮಾಡಿಸಿದರು. ಏನಾಯಿತೆಂದು ಆಗ ತಿಳಿಯಿತು. ತಮ್ಮ ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಹಲ್ಲು ಕೀಳುವಾಗ ಸೂಜಿ ಚುಚ್ಚಿಸಿಕೊಂಡ ದವಡೆಯಂತೆ ಮೈಯೆಲ್ಲ ಜೋಮು ಹಿಡಿದಿತ್ತು. ಸಹಿ ಮಾಡು ಎಂದಲ್ಲಿ ಮಾಡಿದೆ.

ನಮ್ಮೂರಿಗೆ ಹೋಗುವುದು ಒಂದೇ ಬಸ್ಸು. ಪಕ್ಕದ ಮನೆಯವಳೂ ಸಾಕ್ಷಿ ಹೇಳಲು ಬಂದಿದ್ದಳು. ತನ್ನದು ಮುಗಿಸಿ ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. ಬೇರೆ ಸೀಟಿರಲಿಲ್ಲ, ನನ್ನ ಪಕ್ಕದಲ್ಲೇ ಕುಳಿತಳು. ಇಬ್ಬರೂ ಆಧಾರ್ ಕಾರ್ಡ್ ತೋರಿಸಿ ಟಿಕೆಟ್ ಪಡೆದೆವು. ಬಸ್ಸು ರಾವೂರ ದಾಟಿತು. ಆಮೇಲೆ ಅವಳು ಕಿಟಕಿಯ ಕಡೆ ನೋಡುತ್ತಲೇ ಅಂದಳು:

"ನಿಮ್ಮನಿ ಕೊಡ ಯಾವಾಗ ನೋಡಿದ್ರೂ ತುಂಬಿರತಿದ್ವು, ಅಕ್ಕಾ. ನೀ ಭಾಳ ಅಚ್ಚುಕಟ್ಟು ಅಂತ ನಮ್ಮ ಸೊಸಿ ಮುಂದ ಹೇಳ್ತಿದ್ದೆ."